ಪ್ರವಾಸದ ಚಿತ್ರಗಳೂ ಇತಿಹಾಸವೂ

ನಮ್ಮ ಬಿಕರ್ನಕಟ್ಟೆಯಿಂದ ಪಶ್ಚಿಮಕ್ಕೆ ಹೊರಟರೆ ಕಡಲು, ಪೂರ್ವಕ್ಕೆ ಹೊರಟರೆ ಘಟ್ಟ. ಪ್ರವಾಸದಲ್ಲಿ ನೀವು ತೆಗೆಯುವ ಚಿತ್ರಗಳು ನಾಳೆ ಇತಿಹಾಸಕ್ಕೆ ಆಧಾರವಾಗಬಲ್ಲವು ಎಂದು ಯೋಚಿಸಿದ್ದೀರಾ?

ಛಾಯಾಗ್ರಹಣ ಕಲೆ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಹದಿನೈದೇ ವರ್ಷಗಳಲ್ಲಿ, ಅಂದರೆ 1854ರಲ್ಲಿ, ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದನು. ಆಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಮುಂದೆ ಈ ನಾಡಿನ ಅನೇಕ ಚಿತ್ರಗಳನ್ನು ಸಂಗ್ರಹಿಸಿದರು. ಅವು ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನವಾಗಿವೆ. ಆದರೆ ಅವುಗಳಲ್ಲಿ ಎಷ್ಟೋ ಚಿತ್ರಗಳನ್ನು ತೆಗೆದವರು ಯಾರು, ಯಾವ ವರ್ಷ ತೆಗೆದರು ಎಂಬ ದಾಖಲೆಯಿಲ್ಲ.

ಈ ಕೊರತೆಯಿಂದ ಆಗುವ ನಷ್ಟವೇನು? ಉಳ್ಳಾಲದ ಕಡಲ್ಕೊರೆತವನ್ನೇ ನೋಡಿ. ಹಿಂದೆ ದಂಡೆ ಎಲ್ಲಿಯವರೆಗಿತ್ತೆಂದು ಹಳೆಯ ಚಿತ್ರ ತೋರಿಸಬಲ್ಲದು. ಆದರೆ ಮಳೆಗಾಲದ ಅಲೆಗಳು ಒಯ್ದ ಮರಳು ಬೇಸಿಗೆಗೆ ಅಷ್ಟಿಷ್ಟು ಮರಳಿ ಬರುತ್ತದೆ. ತಿಂಗಳು, ವರ್ಷ ತಿಳಿಯದಿದ್ದರೆ ಆ ಚಿತ್ರದಿಂದ ಏನನ್ನೂ ಅಳೆಯಲಾಗದು.

ಬೆಟ್ಟದ ಮಾತೂ ಹಾಗೆಯೇ. ಟಿಪ್ಪು ಸುಲ್ತಾನ್ 1794ರಲ್ಲಿ ಬೆಳ್ತಂಗಡಿಯ ಬಳಿ ಕಟ್ಟಿಸಿದ ಜಮಲಾಬಾದ್ ಕೋಟೆಯ ಗೋಡೆ, ಮೆಟ್ಟಿಲು, ಸುತ್ತಲಿನ ಕಾಡು ಇಂದು ಹೇಗಿವೆ ಎಂಬುದಕ್ಕೆ ನಿಮ್ಮ ಚಿತ್ರವೂ ಸಾಕ್ಷಿ.

ಆದ್ದರಿಂದ ಮುಂದಿನ ಪ್ರವಾಸದಲ್ಲಿ ಸ್ನೇಹಿತರ ಜೊತೆಗೆ ಕದಲದ ಒಂದು ಬಂಡೆಯೋ ಗೋಡೆಯೋ ಚಿತ್ರದಲ್ಲಿ ಬರಲಿ. ಮನೆಗೆ ಬಂದೊಡನೆ ಸ್ಥಳ, ದಿನಾಂಕ, ನಿಂತ ದಿಕ್ಕು, ತೆಗೆದವರ ಹೆಸರು ಬರೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ಇನ್ನೊಂದು ಚಿತ್ರ ತೆಗೆಯಿರಿ. ನಿಮ್ಮ ನಂತರ ಬರುವವರಿಗೆ ಇದರಿಂದ ಬಹಳ ಉಪಕಾರವಾಗುವುದು.