ಒಂದು ಸೆಕೆಂಡಿನ ದೂರ: ನೈರೋಬಿಯಲ್ಲಿ ಆಟದ ಸರ್ವರ್

ರೈಲು ಹಳಿ ಹಾಕಲು ಬಂದ ಭಾರತೀಯರ ಇತಿಹಾಸ, ಇಲ್ಲಿಯ ಗುಡಿಗಳ ಇತಿಹಾಸ ನಾವೆಲ್ಲ ಓದಿದ್ದೇವೆ, ಕೇಳಿದ್ದೇವೆ. ಈ ಸಲ ನಾನು ಬರೆಯುತ್ತಿರುವುದು ಕಂಪ್ಯೂಟರ್ ಆಟದ ಸರ್ವರ್ ಬಗ್ಗೆ. ಹಿರಿಯರು ದಯವಿಟ್ಟು ಪುಟ ತಿರುಗಿಸಬೇಡಿ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಮ್ಮನ ಮುಖ ಅರ್ಧದಲ್ಲೇ ನಿಂತುಬಿಡುತ್ತಲ್ಲ, ಆಟ ಆಡುವ ಹುಡುಗರು 'ಲ್ಯಾಗ್, ಲ್ಯಾಗ್' ಅಂತ ಕೂಗಾಡುತ್ತಾರಲ್ಲ, ಎರಡರ ಬೇರೂ ಬಹುಪಾಲು ಒಂದೇ ಕಡೆ ಇದೆ.

ನಾನು ಓದಿದ್ದು ಸರ್ಕಾರಿ ಐಟಿಐನಲ್ಲಿ, ಎಲೆಕ್ಟ್ರಿಷಿಯನ್ ಟ್ರೇಡು. ಹಾಗಾಗಿ ನನ್ನ ಭಾಷೆಯಲ್ಲೇ ಹೇಳ್ತೀನಿ. ಹತ್ತು ಜನ ಹತ್ತು ಮನೆಯಲ್ಲಿ ಕೂತು ಒಂದೇ ಆಟ ಆಡಬೇಕಾದರೆ ಯಾರು ಎಲ್ಲಿ ನಿಂತಿದ್ದಾರೆ, ಯಾರ ಗುಂಡು ಯಾರಿಗೆ ತಗುಲಿತು ಅನ್ನುವ ಲೆಕ್ಕ ಒಂದು ಕಡೆ ಇರಬೇಕು. ಆ ಲೆಕ್ಕ ಇಡುವ ಯಂತ್ರವೇ ಸರ್ವರ್. ಕಟ್ಟಡಕ್ಕೆ ಮೇನ್ ಬೋರ್ಡ್ ಇದ್ದ ಹಾಗೆ. ಎಲ್ಲ ಲೈನೂ ಅಲ್ಲಿಗೆ ಬಂದೇ ಹೋಗಬೇಕು. ಬೋರ್ಡು ಎಷ್ಟು ದೂರವೋ ಅಷ್ಟು ನಷ್ಟ. ಕರೆಂಟಿನಲ್ಲಿ ವೋಲ್ಟೇಜ್ ಬೀಳುತ್ತೆ, ಇಲ್ಲಿ ಸಮಯ ಬೀಳುತ್ತೆ. ಮಾತು ಹೋಗಿ ಉತ್ತರ ಬರುವ ಸಮಯಕ್ಕೆ ಪಿಂಗ್ ಅಂತಾರೆ, ಮಿಲಿಸೆಕೆಂಡಿನಲ್ಲಿ ಅಳೀತಾರೆ.

1993ರ ಡಿಸೆಂಬರಿನಲ್ಲಿ ಡೂಮ್ ಆಟ ಬಂದಾಗ ಒಂದೇ ಕೋಣೆಯ ನಾಲ್ಕು ಕಂಪ್ಯೂಟರಿಗೆ ವೈರ್ ಎಳೆದು ಆಡುತ್ತಿದ್ದರು. ಮರುವರ್ಷವೇ ಅದು ಲಿನಕ್ಸ್‌ನಲ್ಲೂ ಓಡಿತು. ಲಿನಕ್ಸ್ ಅಂದರೆ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ, ಕಾಸು ಕೊಡದೆ ಬಳಸಬಹುದಾದ ವ್ಯವಸ್ಥೆ. 1996ರಲ್ಲಿ ಕ್ವೇಕ್ ಬಂತು. ಕೋಣೆಯೊಳಗೆ ಚೆನ್ನಾಗಿತ್ತು, ಟೆಲಿಫೋನ್ ಮೋಡೆಮ್ ಮೇಲೆ ಆಡಿದರೆ ಬಟನ್ ಒತ್ತಿದ ಎಷ್ಟೋ ಹೊತ್ತಿಗೆ ಹೆಜ್ಜೆ ಮುಂದೆ ಹೋಗ್ತಿತ್ತು. ಆಗ ಜಾನ್ ಕಾರ್ಮ್ಯಾಕ್ ಒಂದು ಉಪಾಯ ಮಾಡಿದ. ಸರ್ವರ್ ಉತ್ತರಕ್ಕೆ ಕಾಯದೆ ನಿಮ್ಮ ಕಂಪ್ಯೂಟರೇ ಹೆಜ್ಜೆ ಹಾಕಿಸಿಬಿಡುವುದು, ಆಮೇಲೆ ಸರ್ವರ್ ಲೆಕ್ಕಕ್ಕೆ ಸರಿಹೊಂದಿಸುವುದು. ಅದೇ ವರ್ಷದ ಕೊನೆಗೆ ಕ್ವೇಕ್‌ವರ್ಲ್ಡ್ ಅಂತ ಬಂತು. ಮುಂದೆ ಕೌಂಟರ್ ಸ್ಟ್ರೈಕ್ ಕಾಲಕ್ಕೆ ಇನ್ನೊಂದು ಹೆಜ್ಜೆ: ನೀವು ಗುಂಡು ಹಾರಿಸಿದ ಕ್ಷಣದಲ್ಲಿ ಎದುರಾಳಿ ನಿಮ್ಮ ಪರದೆಯಲ್ಲಿ ಎಲ್ಲಿದ್ದ ಅಂತ ಸರ್ವರ್ ಕಾಲವನ್ನು ಹಿಂದಕ್ಕೆ ತಿರುಗಿಸಿ ನೋಡುತ್ತದೆ. ಗೋಡೆ ಹಿಂದೆ ಅಡಗಿದ ಮೇಲೂ 'ನಾನು ಸತ್ತೆ' ಅಂತ ಹುಡುಗರು ಜಗಳ ತೆಗೆಯೋದು ಇದಕ್ಕೇ. ಮೋಸ ಏನೂ ಅಲ್ಲ, ದೂರದ ಲೆಕ್ಕ.

ಈ ಉಪಾಯಗಳು ನೂರು, ಇನ್ನೂರು ಮಿಲಿಸೆಕೆಂಡಿನ ತಡವನ್ನು ಮುಚ್ಚಿಹಾಕುತ್ತವೆ. ಸಾವಿರ ಮಿಲಿಸೆಕೆಂಡನ್ನು ಮುಚ್ಚಲಾರವು. ನೈರೋಬಿಯ ಕಥೆ ಶುರುವಾಗುವುದು ಆ ಸಾವಿರದಿಂದ.

2000ದ ಇಸವಿಯಲ್ಲಿ ಕೀನ್ಯಾದ ಕರಾವಳಿಗೆ ಸಮುದ್ರದೊಳಗಿನ ಫೈಬರ್ ಕೇಬಲ್ ಇರಲಿಲ್ಲ. ಇಂಟರ್‌ನೆಟ್ ಎಲ್ಲ ಉಪಗ್ರಹದ ಮೇಲೆ. ಆ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಮೇಲೆ ಹೋಗಿ ಕೆಳಗೆ ಬರಲು ಬೆಳಕಿಗೇ ಕಾಲು ಸೆಕೆಂಡು ಬೇಕು. ನೈರೋಬಿಯ ಒಂದೊಂದು ಇಂಟರ್‌ನೆಟ್ ಕಂಪನಿಗೂ ಬೇರೆ ಬೇರೆ ಸಂಪರ್ಕ, ಊರೊಳಗೆ ಒಂದಕ್ಕೊಂದು ತಂತಿ ಇಲ್ಲ. ಅಂದರೆ ವೆಸ್ಟ್‌ಲ್ಯಾಂಡ್ಸ್‌ನಿಂದ ಇಂಡಸ್ಟ್ರಿಯಲ್ ಏರಿಯಾಕ್ಕೆ ಒಂದು ಸಂದೇಶ ಹೋಗಬೇಕಾದರೆ ಮೊದಲು ಆಕಾಶಕ್ಕೆ, ಅಲ್ಲಿಂದ ಯುರೋಪಿಗೋ ಅಮೆರಿಕಕ್ಕೋ, ಮತ್ತೆ ಆಕಾಶಕ್ಕೆ, ಮತ್ತೆ ನೈರೋಬಿಗೆ. ಉತ್ತರವೂ ಅದೇ ದಾರಿ. ನಾಲ್ಕು ಕಾಲು ಸೇರಿಸಿ, ಒಂದು ಸೆಕೆಂಡು. ಮತಾತುವಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿಗೆ ಬೆಳಕು ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತಿತ್ತು! ಪಕ್ಕದ ಬೀದಿಯಲ್ಲೇ ಸರ್ವರ್ ಇಟ್ಟರೂ ಬೇರೆ ಕಂಪನಿಯ ಗಿರಾಕಿಗೆ ಪ್ರಯೋಜನ ಇಲ್ಲ.

ಇದಕ್ಕೆ ಮದ್ದು ಬಹಳ ಸರಳ. ಎಲ್ಲ ಕಂಪನಿಗಳೂ ಒಂದು ಕೋಣೆಗೆ ತಂತಿ ತಂದು ಒಂದು ಸ್ವಿಚ್ಚಿಗೆ ಚುಚ್ಚಬೇಕು. ಕೀನ್ಯಾದ ಸೇವಾದಾರರ ಸಂಘ ಟೆಸ್ಪಾಕ್ 2000ದ ನವೆಂಬರಿನಲ್ಲಿ ಅದನ್ನು ಮಾಡಿತು. ಹೆಸರು ಕೀನ್ಯಾ ಇಂಟರ್‌ನೆಟ್ ಎಕ್ಸ್‌ಚೇಂಜ್ ಪಾಯಿಂಟ್, ಎಲ್ಲರ ಬಾಯಲ್ಲಿ ಕಿಕ್ಸ್‌ಪಿ. ಎರಡು ವಾರ ಕಳೆಯುವುದರೊಳಗೆ ಮುಚ್ಚಿತು! ವಿದೇಶಿ ಸಂಪರ್ಕದ ಏಕಸ್ವಾಮ್ಯ ತನ್ನದು ಅಂತ ಟೆಲ್ಕಾಮ್ ಕೀನ್ಯಾ ದೂರು ಕೊಟ್ಟಿತು. ಪರವಾನಗಿ ಇಲ್ಲದ ವ್ಯವಸ್ಥೆ ಅಂತ ಸಂವಹನ ಆಯೋಗ ಮುಚ್ಚಿಸಿತು. ಯೋಚನೆ ಮಾಡಿ, ಆ ಸ್ವಿಚ್ಚಿನಲ್ಲಿ ಹರಿಯುತ್ತಿದ್ದುದು ಇಲ್ಲಿಂದ ಇಲ್ಲಿಗೇ ಹೋಗುವ ಸಂಚಾರ. ವಿದೇಶಿ ಸಂಪರ್ಕವನ್ನು ಉಳಿಸುವುದೇ ಅದರ ಉದ್ದೇಶ. ಅಕ್ಕಪಕ್ಕದ ಮನೆಯವರು ಬೇಲಿಯಲ್ಲಿ ಕಿಂಡಿ ಮಾಡಿಕೊಂಡು ಮಾತಾಡಿದರೆ ಬಸ್ಸಿನ ಮಾಲೀಕ ದೂರು ಕೊಟ್ಟ ಹಾಗಾಯಿತು. ನನಗೇನೋ ಇದು ಬರೀ ಕಾಗದದ ಜಗಳ ಅನ್ನಿಸೋದಿಲ್ಲ. ದೂರ ಇದ್ದಷ್ಟೂ ಯಾರಿಗೋ ಬಾಡಿಗೆ ಬರುತ್ತಿತ್ತು.

ಸೇವಾದಾರರು ಬಿಡಲಿಲ್ಲ. ಸುಮಾರು ಒಂದು ವರ್ಷ ಓಡಾಡಿ ಪರವಾನಗಿ ಪಡೆದರು, 2002ರ ಫೆಬ್ರವರಿಯಲ್ಲಿ ಕಿಕ್ಸ್‌ಪಿ ಮತ್ತೆ ತೆರೆಯಿತು. ಇಂಟರ್‌ನೆಟ್ ಸೊಸೈಟಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸ್ಥಳೀಯ ಸಂಚಾರದ ತಡ 200-600 ಮಿಲಿಸೆಕೆಂಡಿನಿಂದ 2-10ಕ್ಕೆ ಇಳಿಯಿತು. ಆಟಕ್ಕೆ ಹತ್ತು ಅಂದರೆ ಒಂದೇ ಕೋಣೆಯಲ್ಲಿ ಕೂತ ಹಾಗೆ. ಮೊಂಬಾಸ ರಸ್ತೆಯ ಸಮೀರ್ ಬಿಸಿನೆಸ್ ಪಾರ್ಕ್ ಮುಂದೆ ನಮ್ಮಲ್ಲಿ ಎಷ್ಟೋ ಜನ ದಿನಾ ಹಾದು ಹೋಗ್ತೀವಿ. ಅಲ್ಲಿಯ ಡೇಟಾ ಸೆಂಟರಿನಲ್ಲೂ ಕಿಕ್ಸ್‌ಪಿ ಇದೆ.

ಆಮೇಲೆ ಸಮುದ್ರದ ಕೇಬಲ್‌ಗಳು ಬಂದವು. 2009ರ ಜೂನಿನಲ್ಲಿ ಮೊಂಬಾಸದಲ್ಲಿ ಅಧ್ಯಕ್ಷ ಕಿಬಾಕಿಯವರು ಟೀಮ್ಸ್ ಕೇಬಲ್ಲನ್ನು ಬರಮಾಡಿಕೊಂಡರು. ಅದು ಯುಎಇಯ ಫುಜೈರಾಕ್ಕೆ ಹೋಗುತ್ತದೆ. ಜುಲೈನಲ್ಲಿ ಸೀಕಾಮ್ ಶುರುವಾಯಿತು. ನಮಗೆ ಮುಖ್ಯವಾದದ್ದು ಇದು, ಯಾಕಂದ್ರೆ ಅದರ ಒಂದು ಕೊನೆ ಮುಂಬೈಯಲ್ಲಿದೆ. ಮರುವರ್ಷ ಈಸ್ಸಿ. ಸರ್ವರ್‌ಗಳು ಮನೆಗೆ ಹಿಂತಿರುಗಿದ್ದು ಈ ಕಾಲದಲ್ಲೇ. ನಾವು ದಿನಾ ಬಳಸುವ ಎಂ-ಪೆಸಾ 2007ರಲ್ಲಿ ಶುರುವಾದರೂ ಅದರ ಯಂತ್ರಗಳು ಜರ್ಮನಿಯಲ್ಲಿದ್ದವು, 2015ರಲ್ಲಷ್ಟೇ ಕೀನ್ಯಾಕ್ಕೆ ಬಂದವು. ಸುಕುಮಾ ಸೊಪ್ಪಿಗೆ ಕೊಟ್ಟ ಐವತ್ತು ಶಿಲ್ಲಿಂಗ್ ಜರ್ಮನಿಗೆ ಹೋಗಿ ಬರುತ್ತಿತ್ತು ಅಂದ ಹಾಗಾಯ್ತು.

ಈಗ ನಮ್ಮ ಸಣ್ಣ ಸರ್ವರ್ ವಿಷಯ. ನಮ್ಮ ಕಾಂಪೌಂಡಿನಲ್ಲಿ ಏಳೆಂಟು ಮನೆಯ ಮಕ್ಕಳು, ನಾಲ್ಕಾರು ಜನ ನಾವು ದೊಡ್ಡವರು, ಮೈನ್‌ಕ್ರಾಫ್ಟ್ ಆಡಲಿಕ್ಕೆ ಒಂದು ಹಳೆಯ ಪುಟ್ಟ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನಡೆಸುತ್ತಿದ್ದೇವೆ. ಪರದೆ ಬೇಡ, ಕೀಬೋರ್ಡ್ ಬೇಡ, ಫ್ರಿಜ್ ಮೇಲೆ ಕೂತಿರುತ್ತೆ. ಇದನ್ನು ನೋಡಿಕೊಳ್ಳುವುದು ಟ್ರೇಡಿನ ಕೆಲಸದ ಥರಾನೇ. ಮೊದಲು ಸಪ್ಲೈ ನೋಡು, ಆಮೇಲೆ ಬೋರ್ಡು, ಕೊನೆಗೆ ಬಲ್ಬು.

ಎಲ್ಲರಿಗೂ ಒಂದೇ ಸಲ ಆಟ ನಿಧಾನ ಆದರೆ ದೋಷ ಸರ್ವರಿನದು. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಸಲ ಲೋಕದ ಲೆಕ್ಕ ಹಾಕುತ್ತದೆ, ಒಂದೊಂದಕ್ಕೆ 50 ಮಿಲಿಸೆಕೆಂಡು ಸಮಯ. ಅದು ಮೀರಿದರೆ 'ಹಿಂದೆ ಬಿದ್ದಿದ್ದೇನೆ' ಅಂತ ತನ್ನ ಲಾಗ್‌ನಲ್ಲಿ ತಾನೇ ಬರೆದುಕೊಳ್ಳುತ್ತೆ. 'ಟಾಪ್' ಅಂತ ಬಡಿದು ಪ್ರೊಸೆಸರ್ ಹೊರೆ ನೋಡಬೇಕು. ಆಡಿದ್ದು ಉಳಿಯುತ್ತಿಲ್ಲ ಅಂದರೆ 'ಡಿಎಫ್' ಬಡಿದು ಡಿಸ್ಕ್ ತುಂಬಿದೆಯಾ ನೋಡಿ, ಹತ್ತಕ್ಕೆ ಐದು ಸಲ ಅದೇ. ಒಬ್ಬನಿಗೆ ಮಾತ್ರ ತೊಂದರೆ ಆದರೆ ದೋಷ ಲೈನಿನದು. ಅದಕ್ಕೆ ಒಂದು ಸಾಧನ ಇದೆ, ಹೆಸರು ಎಂಟಿಆರ್. ರವೆ ಇಡ್ಲಿ ಪ್ಯಾಕೆಟ್ ನೆನಪಾಗಿ ನಗು ಬರುತ್ತೆ, ಆದರೆ ಒಳ್ಳೆ ಸಾಧನ. ಇಲ್ಲಿಂದ ಅಲ್ಲಿಯವರೆಗೆ ಯಾವ ಯಾವ ಕಂಬ ದಾಟಿತು, ಯಾವ ಕಂಬದಲ್ಲಿ ಎಷ್ಟು ಸಂದೇಶ ಉದುರಿತು ಅಂತ ಸಾಲಾಗಿ ತೋರಿಸುತ್ತೆ. ಒಂದು ಎಚ್ಚರ: ನಡುವಿನ ಕಂಬದಲ್ಲಿ ಉದುರಿದ ಹಾಗೆ ಕಂಡು ಕೊನೆಯ ಕಂಬ ಸರಿ ಇದ್ದರೆ ಅದು ದೋಷ ಅಲ್ಲ, ಆ ಕಂಬಕ್ಕೆ ಉತ್ತರ ಕೊಡಲು ಸೋಮಾರಿತನ ಅಷ್ಟೆ.

ಊರಿನವರು ಸೇರಬೇಕು ಅಂದಾಗ ಬೇರೆ ತೊಡಕು ಬಂತು. ನಮಗೆ ಸಂಪರ್ಕ ಕೊಟ್ಟ ಕಂಪನಿ (ಹೆಸರು ಬೇಡ) ನೂರಾರು ಮನೆಗೆ ಒಂದೇ ವಿಳಾಸ ಹಂಚಿದೆ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರು ಬಾಗಿಲು ತಟ್ಟಲಾಗದು. ಪೋಸ್ಟ್‌ಮ್ಯಾನಿಗೆ ಬೀದಿ ಗೊತ್ತು, ಮನೆ ನಂಬರ್ ಗೊತ್ತಿಲ್ಲ. ಮುಂಬೈಯಲ್ಲಿ ಒಂದು ಸಣ್ಣ ಬಾಡಿಗೆ ಯಂತ್ರ ಹಿಡಿದು, ಇಲ್ಲಿಂದ ಅಲ್ಲಿಗೆ ವೈರ್‌ಗಾರ್ಡ್ ಅನ್ನುವ ಕೊಳವೆ ಹಾಕಿದೆವು. 2020ರಿಂದ ಅದು ಲಿನಕ್ಸ್ ತಿರುಳಿನಲ್ಲೇ ಸೇರಿದೆ, ಹೆಚ್ಚು ಕಷ್ಟ ಇಲ್ಲ.

ನಿಜವಾದ ಪರೀಕ್ಷೆ ಎರಡು ಸಲ ಆಯಿತು. 2023ರ ಆಗಸ್ಟ್ 25ರ ಶುಕ್ರವಾರ ರಾತ್ರಿ ದೇಶಕ್ಕೆ ದೇಶವೇ ಕತ್ತಲಾಯಿತು, ವಿಮಾನ ನಿಲ್ದಾಣವೂ ಕತ್ತಲಲ್ಲಿತ್ತು. ಯುಪಿಎಸ್ ಬ್ಯಾಟರಿ ಅರ್ಧ ಗಂಟೆ ತಡೆಯಿತು, ಅಷ್ಟರಲ್ಲಿ ಸರ್ವರ್ ತಾನೇ ಲೋಕವನ್ನು ಉಳಿಸಿ ಮಲಗುವ ಹಾಗೆ ಮೊದಲೇ ಕಟ್ಟಿದ್ದೆ. ಮಕ್ಕಳ ಒಂದು ಇಟ್ಟಿಗೆಯೂ ಹೋಗಲಿಲ್ಲ.

ಎರಡನೆಯದು 2024ರ ಮೇ 12, ಭಾನುವಾರ. ದಕ್ಷಿಣ ಆಫ್ರಿಕಾದ ಕರಾವಳಿಯ ಹತ್ತಿರ ಈಸ್ಸಿ ಮತ್ತು ಸೀಕಾಮ್ ಎರಡೂ ಒಟ್ಟಿಗೆ ಕಡಿದವು. ಪೂರ್ವ ಆಫ್ರಿಕಾ ಪೂರ್ತಿ ತೆವಳಿತು. ಊರಿಗೆ ಕಾಲ್ ಹೋಗಲಿಲ್ಲ, ವಿಡಿಯೋ ಓಡಲಿಲ್ಲ, ಆ ವಾರ ನೀವೂ ಒದ್ದಾಡಿರ್ತೀರಿ. ಯುರೋಪಿನ ಸರ್ವರಿನಲ್ಲಿ ಆಡುವ ಹುಡುಗರು ಮೊಬೈಲ್ ಕೆಳಗಿಟ್ಟರು. ಫ್ರಿಜ್ ಮೇಲಿನ ಪೆಟ್ಟಿಗೆಗೆ ಮಾತ್ರ ಏನೂ ಗೊತ್ತೇ ಆಗಲಿಲ್ಲ. ಪಕ್ಕದ ಸೌತ್ ಸಿ ಬಡಾವಣೆಯಲ್ಲಿ ಬೇರೆ ಕಂಪನಿಯ ಸಂಪರ್ಕ ಇರುವ ನಮ್ಮ ಮಿತ್ರರ ಮಗ ಆ ದಿನವೂ ಒಂಬತ್ತು ಮಿಲಿಸೆಕೆಂಡಿನಲ್ಲಿ ಆಡಿದ. ಆ ಒಂಬತ್ತು 2000ದಲ್ಲಿ ಮುಚ್ಚಿಸಿದ ಸ್ವಿಚ್ಚಿನ ಕೊಡುಗೆ. ಅಮ್ಮನ ಜೊತೆ ಮಾತಾಡಲು ಆಗದ ದಿನ ಮಕ್ಕಳು ಆಡುತ್ತಿದ್ದರು ಅಂತ ನನ್ನ ಹೆಂಡತಿಗೆ ಸಿಟ್ಟೂ ಬಂತು, ಅದು ಬೇರೆ ಮಾತು.

ಉಳಿದಿರುವ ಪ್ರಶ್ನೆ ಊರಿನದು. ನೈರೋಬಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 4,700 ಕಿಲೋಮೀಟರ್. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತೆ, ಹೋಗಿ ಬರಲು 50 ಮಿಲಿಸೆಕೆಂಡಿನ ಒಳಗೇ ಸಾಕು. ಆದರೆ ಕೇಬಲ್ ನೇರ ಗೆರೆಯಲ್ಲಿ ಇಲ್ಲ. ಕೆಲವು ದಿನ ಎಂಟಿಆರ್‌ನಲ್ಲಿ ನೋಡಿದರೆ ನಮ್ಮ ಸಂದೇಶ ಫ್ರಾನ್ಸಿನ ಮಾರ್ಸೇ ಸುತ್ತಿ ಮುಂಬೈಗೆ ಹೋಗಿರುತ್ತೆ, ಪಿಂಗ್ ಇನ್ನೂರು ದಾಟಿರುತ್ತೆ. ಕಟ್ಟುವ ಆಟಕ್ಕೆ ಇದು ಸಾಕು, ಗುಂಡಿನ ಆಟಕ್ಕೆ ಆಗಲ್ಲ. ಹಾಗಾಗಿ ಊರಿನ ತಮ್ಮಂದಿರ ಜೊತೆ ಕಟ್ಟುವ ಆಟವೇ ಆಡುತ್ತೇವೆ. ಭಾನುವಾರ ಇಲ್ಲಿ ಮೂರು ಗಂಟೆ, ಅಲ್ಲಿ ಐದೂವರೆ. ಈಗ ದಾವಣಗೆರೆಯ ಹುಡುಗರೂ ನಮ್ಮ ಮಕ್ಕಳೂ ಸೇರಿ ಒಂದು ಕೆರೆ ಏರಿ ಕಟ್ಟುತ್ತಿದ್ದಾರೆ, ತೂಬು ಎಲ್ಲಿ ಇಡಬೇಕು ಅಂತ ಎರಡು ವಾರದಿಂದ ವಾದ ನಡೆದಿದೆ. ಸೇರಬೇಕು ಅನ್ನುವವರು ನನಗೆ ಹೇಳಿ, ವಿಳಾಸ ಕೊಡ್ತೀನಿ.