ನೋಯುವ ಕೈಗೆ ಬಂದ ಸೂಜಿ

ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ವ್ಯಾಧಿ ರುಮಟಾಯ್ಡ್ ಸಂಧಿವಾತ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಕಾರ್ಟಿಸೋನನ್ನು ಚುಚ್ಚಿದಾಗ, ಚಲನೆಯೇ ದುಸ್ಸಾಧ್ಯವಾಗಿದ್ದ ರೋಗಿಯೊಬ್ಬಳು ಕೆಲವೇ ದಿನಗಳಲ್ಲಿ ನಡೆದಾಡಿದಳು. 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಮುಖ ಊದುವುದು, ಎಲುಬು ಸವೆಯುವುದು ಮುಂತಾದ ಉಪದ್ರವಗಳು ಬೆನ್ನುಹತ್ತಿ ಬಂದವು. ಆ ಸಂಭ್ರಮ ಬಹುಕಾಲ ನಿಲ್ಲಲಿಲ್ಲ.

ಬೇರೊಂದು ದಾರಿ ತೆರೆದದ್ದು 1992ರಲ್ಲಿ, ಲಂಡನ್ನಿನಲ್ಲಿ. ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಅವರ ಸಹೋದ್ಯೋಗಿ ಮಾರ್ಕ್ ಫೆಲ್ಡ್‌ಮನ್, ಉರಿಯೂತದ ಸರಪಳಿಗೆ ಟಿ.ಎನ್.ಎಫ್. ಎಂಬ ಪ್ರೋಟೀನೇ ಮುಖ್ಯ ಕೊಂಡಿಯೆಂದು ತರ್ಕಿಸಿದ್ದರು. ಅದನ್ನು ಹಿಡಿದು ನಿಲ್ಲಿಸುವ ಪ್ರತಿಕಾಯವನ್ನು ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಆ ಮೊದಲ ಪ್ರಯೋಗದ ರೋಗಿಗಳು 20 ಮಂದಿ. ಇಷ್ಟೊಂದು ಅಣುಗಳು ಸೇರಿ ಎಸಗುವ ಹಾವಳಿಯಲ್ಲಿ ಒಂದನ್ನು ತಡೆದು ಫಲವೇನು ಎಂಬ ಸಂದೇಹ ಸಹಜವಾಗಿಯೇ ಇತ್ತು. ಬಾವು ಇಳಿಯಿತು, ನೋವು ತಗ್ಗಿತು. ಔಷಧ ನಿಂತಾಗ ರೋಗ ಮರಳಿತು ಎಂಬುದನ್ನೂ ಮರೆಯಬಾರದು.

ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೆಸರು ಪಡೆದ ಈ ಮದ್ದನ್ನು ಆಸ್ಪತ್ರೆಯಲ್ಲಿ, ಸುಮಾರು 2 ಗಂಟೆಗಳ ಕಾಲ, ಹನಿಹನಿಯಾಗಿ ರಕ್ತನಾಳಕ್ಕೆ ಇಳಿಸಬೇಕಿತ್ತು. ಜೈವಿಕ ಔಷಧಗಳು ಪ್ರೋಟೀನುಗಳು. ನುಂಗಿದರೆ ಹೊಟ್ಟೆ ಅವನ್ನು ತೊಗರಿಬೇಳೆಯಂತೆಯೇ ಜೀರ್ಣಿಸಿಬಿಡುತ್ತದೆ. ಸೂಜಿಯ ಹೊರತು ಗತಿಯಿಲ್ಲ.

1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಟಾನರ್ಸೆಪ್ಟ್ ಆ ಸೂಜಿಯನ್ನು ಮನೆಗೆ ತಂದಿತು. ಚರ್ಮದ ಕೆಳಗೆ ರೋಗಿಯೇ ಚುಚ್ಚಿಕೊಳ್ಳಬಹುದು. ಆದರೆ ಅದು ಮೊದಲು ಬಂದದ್ದು ಪುಡಿಯ ರೂಪದಲ್ಲಿ. ಸೀಸೆಗೆ ನೀರು ಸೇರಿಸಿ, ನೊರೆಯೇಳದಂತೆ ಮೆಲ್ಲನೆ ತಿರುಗಿಸಿ, ಸಿರಿಂಜಿಗೆ ಎಳೆದುಕೊಳ್ಳಬೇಕು. ಅದೂ ವಾರಕ್ಕೆ 2 ಸಲ. ಗುಂಡಿ ಹಾಕಲಾರದ ಬೆರಳುಗಳಿಗೆ ಎಂಥ ಕೆಲಸ! ಮೊದಲೇ ತುಂಬಿಟ್ಟ ಸಿರಿಂಜು, ಆಮೇಲೆ ಮುಷ್ಟಿಯಲ್ಲಿ ಹಿಡಿದು ಒತ್ತಬಹುದಾದ ಪೆನ್ನು ಬಂದ ಮೇಲೆ ಈ ಕಷ್ಟ ಕಡಿಮೆಯಾಯಿತು. ನನ್ನ ದೃಷ್ಟಿಯಲ್ಲಿ ಈ ಪೆನ್ನು ಔಷಧದಷ್ಟೇ ಗಣ್ಯವಾದ ಶೋಧ.

ಕ್ರಮ ಸರಳ. ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಹೆಪ್ಪುಗಟ್ಟದಂತೆ ಇಡಬೇಕು. ಚುಚ್ಚುವ ಮುನ್ನ ಹೊರಗಿಟ್ಟು ತಾನಾಗಿ ಚಳಿ ಬಿಡಲು ಬಿಡಬೇಕು, ಬಿಸಿನೀರಿಗೆ ಹಾಕಬಾರದು. ತೊಡೆ ಅಥವಾ ಹೊಕ್ಕುಳಿನಿಂದ ದೂರದ ಹೊಟ್ಟೆಯ ಭಾಗ, ಪ್ರತಿಸಲವೂ ಬೇರೆ ಜಾಗ.

ಆದರೆ ಟಿ.ಎನ್.ಎಫ್. ಬರಿಯ ಶತ್ರುವಲ್ಲ, ಕ್ಷಯದ ಕ್ರಿಮಿಯನ್ನು ಕಟ್ಟಿಹಾಕಿರುವುದೂ ಅದೇ. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ 2001ರಲ್ಲಿ ಪ್ರಕಟವಾಯಿತು. ಎಷ್ಟೋ ಜನರ ಎದೆಯಲ್ಲಿ ಆ ಕ್ರಿಮಿ ಮಲಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದಲೇ ಈ ಮದ್ದಿಗೆ ಮುಂಚೆ ಕ್ಷಯದ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಬೇಕು; ಅಡಗಿದ ಸೋಂಕು ಕಂಡುಬಂದರೆ ಅದಕ್ಕೆ ಮದ್ದು ಮೊದಲು, ಕೀಲಿಗೆ ಆಮೇಲೆ.