ಪಹಣಿಯ 12ನೇ ಕಾಲಂನಿಂದ 9ನೇ ಕಾಲಂಗೆ (ನಮ್ಮ ನೆಲದ ಲೆಕ್ಕ, ಭಾಗ 4)

ಮನೇಲಿ ಪಹಣಿ ಇದ್ರೆ ಒಂದ್ಸಲ ತೆಗೆದು ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತೆ. 12ನೇ ಕಾಲಂನಲ್ಲಿ ಸಾಗುವಳಿ ಮಾಡೋರ ಹೆಸರು, ಬೆಳೆ ಇರುತ್ತೆ. "ಉಳುವವನೇ ಹೊಲದೊಡೆಯ" ಅನ್ನೋ ಘೋಷಣೆ ಎಲ್ಲರೂ ಕೇಳಿದ್ದೀವಿ. ಕಚೇರಿಯ ಕಾಗದದಲ್ಲಿ ಅದರ ಅರ್ಥ ಇಷ್ಟೇ: 12ರಲ್ಲಿ ಇರಬೇಕಾದ ಹೆಸರು 9ಕ್ಕೆ ಬರೋದು.

🌾 ಮೊದಲು ಹೇಗಿತ್ತು?
ಕರಾವಳಿಯಲ್ಲಿ ಚಾಲಗೇಣಿ ಅಂತ ಇತ್ತು. ತಲೆಮಾರುಗಳಿಂದ ಉತ್ತಿದ್ರೂ ಧಣಿ ಬೇಡ ಅಂದ್ರೆ ಗದ್ದೆ ಬಿಡಬೇಕು. ಮಲೆನಾಡಲ್ಲೂ ಗೇಣಿದಾರರ ಪಾಡು ಬೇರೆ ಇರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೀತಲ್ಲ, ಅಲ್ಲಿ ಒಂದು ದೊಡ್ಡ ಜಗಳ ಕೊಳಗದ ಅಳತೆಯದ್ದೇ. ಗೇಣಿ ಭತ್ತ ಅಳೆಯೋ ಕೊಳಗ ದೊಡ್ಡದಾದಷ್ಟೂ ರೈತನ ಪಾಲು ಚಿಕ್ಕದು.

📜 ಕಾನೂನು ಇತ್ತು, ಕೆಲಸ ಆಗಲಿಲ್ಲ
1961ರಲ್ಲೇ ಭೂಸುಧಾರಣಾ ಕಾಯ್ದೆ ಬಂತು. ಆದ್ರೆ ವಿನಾಯಿತಿಗಳು ಜಾಸ್ತಿ. "ನಾನೇ ಸಾಗುವಳಿ ಮಾಡ್ತೀನಿ" ಅಂತ ಹೇಳಿ ಜಮೀನು ವಾಪಸ್ ಪಡೆಯೋಕೆ ಮಾಲೀಕರಿಗೆ ದಾರಿ ಇತ್ತು. ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದಾಗ ಚಿತ್ರ ಬದಲಾಯ್ತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಯ್ತು.

ನನ್ನ ಪ್ರಕಾರ ನಿಜವಾದ ಬದಲಾವಣೆ ಆಡಳಿತದಲ್ಲಿತ್ತು. ಪ್ರಕರಣ ಸಿವಿಲ್ ಕೋರ್ಟಿಗೆ ಹೋಗಲಿಲ್ಲ, ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಬಂತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಆಗ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಫೀಸು ಕೊಡೋಕೆ ಆಗದವನೂ ತನ್ನ ಮಾತು ತಾನೇ ಹೇಳಬಹುದಿತ್ತು. ಅರ್ಜಿಗೆ ಕೊನೇ ದಿನ 1979ರ ಜೂನ್ 30ರವರೆಗೆ ಮುಂದೆ ಹೋಯ್ತು. ರಾಜ್ಯದಲ್ಲಿ ಬಂದದ್ದು 8 ಲಕ್ಷದಷ್ಟು ಅರ್ಜಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರ ಆಯ್ತು.

💰 ಕಾಮರ್ಸ್ ಕಣ್ಣಿಂದ ನೋಡಿದ್ರೆ
ಹೀಗೆ ಸಿಕ್ಕ ಜಮೀನನ್ನ ಇಷ್ಟು ವರ್ಷ ಮಾರೋ ಹಾಗಿಲ್ಲ ಅಂತ ನಿಯಮ ಇತ್ತು, ಆದ್ರೆ ಸಾಲಕ್ಕಾಗಿ ಬ್ಯಾಂಕು, ಸೊಸೈಟಿಗಳಿಗೆ ಅಡವಿಡಬಹುದಿತ್ತು. ಗೇಣಿದಾರನ ಹತ್ರ ಅಡವಿಡೋಕೆ ಏನೂ ಇರಲಿಲ್ಲ, 9ನೇ ಕಾಲಂಗೆ ಬಂದವನ ಹತ್ರ ಇತ್ತು. ನಾಳೆ ಬಿಡಿಸ್ತಾರೆ ಅನ್ನೋ ಭಯ ಇದ್ದವನು ಅಡಿಕೆ ಸಸಿ ನೆಡಲ್ಲ ಸ್ವಾಮಿ, ಫಸಲು ಬರೋಕೆ ವರ್ಷಗಟ್ಟಲೆ ಕಾಯಬೇಕು.

ಹಾಗಂತ ಕರಾವಳಿ ಮುಂದುವರಿದದ್ದೆಲ್ಲ ಭೂಸುಧಾರಣೆಯಿಂದ ಅನ್ನೋದು ತಪ್ಪು. ಕೆನರಾ ಬ್ಯಾಂಕ್ 1906ರದ್ದು, ಸಿಂಡಿಕೇಟ್ 1925ರದ್ದು. ಶಾಲೆ, ಬ್ಯಾಂಕು, ಬಂದರು ಮೊದಲೇ ಇದ್ವು. ಗೇಣಿದಾರರ ಮನೆಯವರು ಅವನ್ನ ಉಪಯೋಗಿಸೋಕೆ ಬೇಕಾದ ಧೈರ್ಯ ಕೊಟ್ಟದ್ದು ನೆಲದ ಹಕ್ಕು.

⚖️ ಬಿಟ್ಟುಹೋದವರು
ಗೇಣಿ ಚೀಟಿಯೋ ಪಹಣಿ ನಮೂದೋ ಇದ್ದವರಿಗೆ ಸಾಬೀತು ಮಾಡೋದು ಸುಲಭ. ಬಾಯಿಮಾತಿನ ಗೇಣಿ, ಪಾಲುಸಾಗುವಳಿ ಮಾಡ್ತಿದ್ದವರು ಏನು ತೋರಿಸಬೇಕು? 12ನೇ ಕಾಲಂ ತುಂಬ್ತಿದ್ದವರೂ ಊರವರೇ, ಧಣಿಗಳ ಮಾತು ಕೇಳೋರೂ ಇದ್ದರು. ಕೂಲಿಗೆ ದುಡೀತಿದ್ದವರಿಗಂತೂ ಪಹಣಿಯಲ್ಲಿ ಕಾಲಂ ಇರಲೇ ಇಲ್ಲ. ಅವರಲ್ಲಿ ಬಹಳ ಜನ ದಲಿತರು. ಹಾಗಾಗಿ ಈ ಸುಧಾರಣೆಗೆ ನಾನು ಅಂಕ ಕೊಡೋದಾದ್ರೆ ಗೇಣಿದಾರರ ವಿಷಯದಲ್ಲಿ ಫಸ್ಟ್ ಕ್ಲಾಸ್, ಭೂಹೀನರ ವಿಷಯದಲ್ಲಿ ಪಾಸ್ ಕೂಡ ಕಷ್ಟ.

📱 ಈಗ?
2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರ್‌ಗೆ ಹೋಯ್ತು. ತಿದ್ದಿ ಬರೆಯೋ ಆಟ ಕಡಿಮೆ ಆಯ್ತು. ಆದ್ರೆ ಕಂಪ್ಯೂಟರ್ ತೋರಿಸೋದು ಅದರೊಳಗೆ ಹಾಕಿದ್ದನ್ನ ಮಾತ್ರ. ತೀರಿಹೋದ ತಾತನ ಹೆಸರಲ್ಲೇ ಜಮೀನು ಇದ್ರೆ ಪೌತಿ ಖಾತೆ ಆಗೋವರೆಗೂ ಬೆಳೆಸಾಲಕ್ಕೂ ಪರಿಹಾರಕ್ಕೂ ಅಲೆದಾಟ ತಪ್ಪಲ್ಲ. ಪೌತಿ ಮಾಡಿಸುವಾಗ ಅಕ್ಕತಂಗಿಯರ ಹೆಸರು ಬಿಟ್ಟುಬಿಡೋದೂ ನಿಮಗೆ ಗೊತ್ತಿರೋದೇ.

ಅದಕ್ಕೇ ಹೇಳ್ತಿರೋದು, ಇವತ್ತೇ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. 9ರಲ್ಲಿ ಯಾರಿದ್ದಾರೆ? ಯಾರು ಇರಬೇಕಿತ್ತು? ಮನೇಲಿ ಕೂತು ಕೇಳಿ, ಅಜ್ಜಿ ಇದ್ರೆ ಮೊದಲು ಅವರನ್ನೇ ಕೇಳಿ. ಕೇಳಿ ತಿಳಿದದ್ದನ್ನ ಕಾಮೆಂಟ್‌ನಲ್ಲಿ ಬರೀರಿ, ಹೆಸರು, ಸರ್ವೆ ನಂಬರ್ ಹಾಕ್ಬೇಡಿ.

ಭಾಗ 5: ಶಾನುಭೋಗರ ಕಡತದಲ್ಲಿ ಏನಿರ್ತಿತ್ತು?

#ಪಹಣಿ #ಭೂಸುಧಾರಣೆ #ನಮ್ಮನೆಲದಲೆಕ್ಕ